ನಮ್ಮೂರಿನ ರೇಷನ್ ಅಂಗಡಿ ನಾವು ನಡೆಸುತ್ತೇವೆ: ಆಹಾರ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಹಾರ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತು ಮನೆಯಲ್ಲಿ ರೇಷನ್ ಕಾರ್ಡ್ ಇಟ್ಟುಕೊಂಡಿರುವ ನನ್ನ ಅಕ್ಕತಂಗಿಯರಿಗೆ,

ನಮಸ್ಕಾರ.

ನಾನು ಬಯಲುಸೀಮೆಯ ಒಂದು ಸಣ್ಣ ಊರಿನವಳು. ನಮ್ಮೂರಿನ ಸ್ತ್ರೀಶಕ್ತಿ ಸಂಘದ ಕಾರ್ಯದರ್ಶಿ. ಊರಿನ ಹೆಸರನ್ನಾಗಲಿ, ತಾಲೂಕಿನ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಯಾರೋ ಒಬ್ಬ ಅಧಿಕಾರಿಯ ಮೇಲೆ ದೂರು ಹೇಳಲು ಈ ಪತ್ರ ಅಲ್ಲ. ಅವರು ವರ್ಗವಾಗಿ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ, ಫೈಲು ಮಾತ್ರ ಅಲ್ಲೇ ಇರುತ್ತದೆ. ನಮಗೆ ಆದದ್ದೇ ಬೇರೆ ಊರಿನ ಸಂಘಗಳಿಗೂ ಆಗಿದೆ ಅಂತ ಒಕ್ಕೂಟದ ಸಭೆಗಳಲ್ಲಿ ಕೇಳಿದ್ದೇನೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮ್ಮೂರಿನ ನ್ಯಾಯಬೆಲೆ ಅಂಗಡಿ ಮುಚ್ಚಿ ಮೂರು ವರ್ಷ ದಾಟಿತು. ಅದನ್ನು ನಡೆಸುತ್ತೇವೆ, ಪ್ರಾಧಿಕಾರ ಪತ್ರ (ಅಂಗಡಿ ನಡೆಸುವ ಪರವಾನಗಿ) ಕೊಡಿ ಅಂತ ನಮ್ಮ ಸಂಘ ಅರ್ಜಿ ಹಾಕಿತು. ಹದಿನಾಲ್ಕು ತಿಂಗಳು ಕಾದೆವು. ಅರ್ಜಿ ವಾಪಸ್ ಆಯಿತು. ಈಗ ಮತ್ತೆ ಅರ್ಜಿ ಕರೆಯುತ್ತಾರೆ ಅನ್ನುವ ಮಾತು ಕೇಳಿಬರುತ್ತಿದೆ. ಈ ಸಲ ಹಾಗೆ ಆಗಬಾರದು.

ಮೊದಲು ಅಂಗಡಿ ಮುಚ್ಚಿದ ಕಥೆ ಹೇಳುತ್ತೇನೆ. ಅಂಗಡಿ ನಡೆಸುತ್ತಿದ್ದ ಯಜಮಾನರು ತೀರಿಕೊಂಡರು. ಅವರ ಮಗನಿಗೆ ಅನುಕಂಪದ ಮೇಲೆ ಅಂಗಡಿ ಸಿಗಬಹುದಿತ್ತು. ಅವನು ಬೇಡ ಅಂದ. 'ಇದರಲ್ಲಿ ಏನೂ ಗಿಟ್ಟಲ್ಲ ಅಕ್ಕಾ' ಅಂದು ಊರು ಬಿಟ್ಟ. ಆಗ ನಮ್ಮ 210 ಕಾರ್ಡುಗಳನ್ನು ನಾಲ್ಕು ಕಿಲೋಮೀಟರ್ ಆಚೆಯ ಊರಿನ ಅಂಗಡಿಗೆ ಸೇರಿಸಿದರು. 'ತಾತ್ಕಾಲಿಕ' ಅಂತ ಹೇಳಿದ್ದರು. ಆ ತಾತ್ಕಾಲಿಕ ಇನ್ನೂ ಮುಗಿದಿಲ್ಲ.

ನಾಲ್ಕು ಕಿಲೋಮೀಟರ್ ಏನು ಮಹಾ ಅಂತ ಕಾಗದದ ಮೇಲೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಹತ್ತು ಕೆಜಿ ಅಂದರೆ ಐದು ಜನರ ಮನೆಗೆ 50 ಕೆಜಿ. ಅದು ಒಂದು ತುಂಬಿದ ಚೀಲ. ಗಂಡಸರು ಮನೆಯಲ್ಲಿದ್ದು ಬೈಕ್ ಇದ್ದರೆ ಸರಿ. ಇಲ್ಲದಿದ್ದರೆ ಮೂರು ನಾಲ್ಕು ಮನೆಯವರು ಸೇರಿ ಒಂದು ಆಟೋ ಮಾಡಿಕೊಳ್ಳಬೇಕು. ಇಲ್ಲವೇ ಎರಡು ಸಲ ನಡೆಯಬೇಕು, ಅರ್ಧರ್ಧ ಹೊತ್ತು ತರಬೇಕು. ಕಳೆ ಕೀಳುವ ಕಾಲದಲ್ಲಿ ಒಂದು ದಿನದ ಕೂಲಿ 350 ರೂಪಾಯಿ ಹೋಗುತ್ತದೆ. ಸರ್ಕಾರ ಅಕ್ಕಿಯನ್ನು ಉಚಿತ ಕೊಡುತ್ತಿದೆ. ನಮ್ಮೂರಿನವರಿಗೆ ಅದು ಉಚಿತವಾಗಿ ಮನೆ ಸೇರುತ್ತಿಲ್ಲ.

ಜಾಸ್ತಿ ಕಷ್ಟ ವಯಸ್ಸಾದವರದ್ದು. ನಮ್ಮ ಕೆಳಗಿನ ಕೇರಿಯಲ್ಲಿ ಒಬ್ಬಂಟಿ ಅಜ್ಜಿ ಇದ್ದಾರೆ. ಅಂತ್ಯೋದಯ ಕಾರ್ಡು, 35 ಕೆಜಿ ಬರುತ್ತದೆ. ಜೀವನವಿಡೀ ಮಣ್ಣು ಕೆಲಸ ಮಾಡಿ ಬೆರಳ ಗೆರೆಗಳು ಸವೆದುಹೋಗಿವೆ. ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ. ಕೈ ತೊಳೆದುಕೊಂಡು ಬಾ, ಎಣ್ಣೆ ಸವರಿಕೊಂಡು ಬಾ, ಮಧ್ಯಾಹ್ನದ ಮೇಲೆ ಬಾ ಅನ್ನುತ್ತಾರೆ. ಒಮ್ಮೊಮ್ಮೆ ಬೆರಳು ಸರಿ ಇದ್ದರೂ ಸರ್ವರ್ ಇರುವುದಿಲ್ಲ. ಅಂಗಡಿ ಊರಲ್ಲೇ ಇದ್ದರೆ ಮನೆಗೆ ಹೋಗಿ, ಊಟ ಮಾಡಿ, ಸಂಜೆ ಮತ್ತೆ ಬರಬಹುದು. ನಾಲ್ಕು ಕಿಲೋಮೀಟರ್ ಆಚೆ ಇದ್ದರೆ ಆ ದಿನ ಹೋಯಿತು ಅಂತಲೇ ಲೆಕ್ಕ. ಅಜ್ಜಿ ಒಂದೇ ತಿಂಗಳಲ್ಲಿ ಮೂರು ಸಲ ಹೋಗಿ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾಲ್ಕನೇ ಸಲ ಅವರು ಹೋಗಲಿಲ್ಲ.

'ಒಂದು ದೇಶ ಒಂದು ರೇಷನ್ ಕಾರ್ಡ್ ಇದೆಯಲ್ಲ, ಬೇರೆ ಅಂಗಡಿಯಲ್ಲಿ ತಗೊಳ್ಳಿ' ಅಂತ ಒಬ್ಬರು ಸಲಹೆ ಕೊಟ್ಟರು. ಬೆಂಗಳೂರಿಗೆ ಕೆಲಸಕ್ಕೆ ಹೋದವರಿಗೆ ಅದು ನಿಜಕ್ಕೂ ದೊಡ್ಡ ಉಪಕಾರ. ನಮಗೆ ಇನ್ನೊಂದು ಅಂಗಡಿ ಅಂದರೆ ಏಳು ಕಿಲೋಮೀಟರ್.

ಹೀಗಿರುವಾಗ ಸಂಘದ ವಾರದ ಸಭೆಯಲ್ಲಿ ಒಬ್ಬಳು ಕೇಳಿದಳು: 'ಅಂಗಡಿ ನಾವೇ ಯಾಕೆ ತಗೊಳ್ಳಬಾರದು?'

ನಮ್ಮ ಸಂಘದಲ್ಲಿ 18 ಜನ ಇದ್ದೇವೆ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000ದಲ್ಲಿ. ನಮ್ಮ ಸಂಘ ಅದಾದ ಒಂಬತ್ತು ವರ್ಷಕ್ಕೆ ಅಂಗನವಾಡಿ ಟೀಚರ್ ಕೂರಿಸಿ ಹೇಳಿಕೊಟ್ಟ ಮೇಲೆ ಹುಟ್ಟಿತು. ವಾರಕ್ಕೆ ಹತ್ತು ರೂಪಾಯಿಯಿಂದ ಉಳಿತಾಯ ಆರಂಭಿಸಿದೆವು. ಸಾಲ ತಗೊಂಡಿದ್ದೇವೆ, ಕಂತು ತಪ್ಪದೆ ಕಟ್ಟಿದ್ದೇವೆ. ಹಸು ತಂದವರಿದ್ದಾರೆ, ಹೊಲಿಗೆ ಯಂತ್ರ ತಂದವರಿದ್ದಾರೆ. ಲೆಕ್ಕ ಇಡುವುದು ನಮಗೆ ಹೊಸದಲ್ಲ. ಇಡೀ ಊರಿನ ಎದುರು ಲೆಕ್ಕ ಒಪ್ಪಿಸುವುದೂ ಹೊಸದಲ್ಲ.

ಕಾನೂನೂ ನಮ್ಮ ಪರವಾಗಿಯೇ ಇದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಅದರ 12ನೇ ಕಲಂ ಪಡಿತರ ಪದ್ಧತಿಯಲ್ಲಿ ಆಗಬೇಕಾದ ಸುಧಾರಣೆಗಳ ಬಗ್ಗೆ ಹೇಳುತ್ತದೆ. ನ್ಯಾಯಬೆಲೆ ಅಂಗಡಿಯ ಪರವಾನಗಿ ಕೊಡುವಾಗ ಪಂಚಾಯಿತಿ, ಸ್ವಸಹಾಯ ಗುಂಪು, ಸಹಕಾರ ಸಂಘಗಳಿಗೆ ಆದ್ಯತೆ ಇರಬೇಕು, ಅಂಗಡಿಯ ನಿರ್ವಹಣೆ ಮಹಿಳೆಯರ ಅಥವಾ ಮಹಿಳಾ ಗುಂಪುಗಳ ಕೈಲಿರಬೇಕು ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ. ಅದರ ಮುಂದಿನ ಕಲಂ, 13ನೆಯದು, ಮನೆಯ ಹಿರಿಯ ಹೆಂಗಸೇ ರೇಷನ್ ಕಾರ್ಡಿನ ಯಜಮಾನಿ ಅನ್ನುತ್ತದೆ. ಆ ಎರಡನೆಯದು ಜಾರಿಯಾಗಿದೆ. ನಮ್ಮ ಮನೆಗಳಲ್ಲಿ ಕಾರ್ಡಿನ ಮೇಲೆ ಮೊದಲ ಫೋಟೋ ನಮ್ಮದೇ. ಸಾಲಲ್ಲಿ ನಿಲ್ಲುವವರೂ ನಾವೇ, ಹೊತ್ತು ತರುವವರೂ ನಾವೇ, ಕಲ್ಲು ಆರಿಸಿ ಬೇಯಿಸುವವರೂ ನಾವೇ. ತಕ್ಕಡಿಯ ಆ ಕಡೆ ನಿಲ್ಲುವ ಸರದಿ ಬಂದಾಗ ಮಾತ್ರ ನಮಗೆ ಕಾಗದ ಸಾಲದು ಅನ್ನುತ್ತಾರೆ.

ಈಗ ಅರ್ಜಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೊಡಕು ಇರುವುದೇ ಇಲ್ಲಿ.

ಅರ್ಜಿ ಕರೆದ ಸುದ್ದಿ ನಮಗೆ ಗೊತ್ತಾದಾಗ ಕೊನೆಯ ದಿನಕ್ಕೆ ಆರೇ ದಿನ ಉಳಿದಿತ್ತು. ಪ್ರಕಟಣೆ ತಾಲೂಕು ಕಚೇರಿಯ ಬೋರ್ಡಿನಲ್ಲಿ ಇತ್ತಂತೆ. ಒಂದು ಪತ್ರಿಕೆಯಲ್ಲೂ ಬಂದಿತ್ತಂತೆ. ನಮ್ಮೂರಿಗೆ ಆ ಪತ್ರಿಕೆ ಬರುವುದಿಲ್ಲ. ನಮ್ಮ ಪಂಚಾಯಿತಿ ಬೋರ್ಡಿನಲ್ಲಿ ಏನೂ ಇರಲಿಲ್ಲ. ಅಂಗನವಾಡಿ ಟೀಚರ್ ಮೀಟಿಂಗಿಗೆ ಹೋದಾಗ ನೋಡಿ ಫೋನ್ ಮಾಡಿದರು, ಹಾಗೆ ತಿಳಿಯಿತು. ಯಾವ ಊರಿಗೆ ಅಂಗಡಿ ಬೇಕೋ ಆ ಊರಿಗೇ ಸುದ್ದಿ ಮುಟ್ಟದಿದ್ದರೆ ಅರ್ಜಿ ಹಾಕುವವರು ಯಾರು? ತಾಲೂಕು ಕಚೇರಿಗೆ ದಿನಾ ಹೋಗಿಬರುವವರು. ಅಂಥವರು ಸ್ವಸಹಾಯ ಸಂಘದ ಹೆಂಗಸರು ಅಲ್ಲ, ಅಲ್ವಾ?

ಆ ಆರು ದಿನದಲ್ಲಿ ನಾವು ಹೊಂದಿಸಿದ ಕಾಗದಗಳು ಒಂದೆರಡಲ್ಲ. ಸಂಘದ ನೋಂದಣಿ ಪತ್ರ, ಬ್ಯಾಂಕ್ ಪಾಸ್‌ಬುಕ್, ಮೂರು ವರ್ಷದ ಲೆಕ್ಕಪತ್ರ, ಅದರ ಮೇಲೆ ಆಡಿಟರ್ ಸಹಿ, ಎಲ್ಲ ಸದಸ್ಯರ ಆಧಾರ್, ಅಂಗಡಿ ನಡೆಸುತ್ತೇವೆ ಅಂತ ಸಭೆಯ ನಡಾವಳಿ, ಮಳಿಗೆಯ ಬಾಡಿಗೆ ಕರಾರು, ಮಳಿಗೆಯ ನಕ್ಷೆ, ಪಂಚಾಯಿತಿಯ ಪತ್ರ, ಛಾಪಾ ಕಾಗದದ ಮೇಲೆ ಮುಚ್ಚಳಿಕೆ. ಆಡಿಟರ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಎರಡು ಬಸ್ ಬದಲಿಸಿ ಹೋದೆವು. ಅವರು ನಮ್ಮ ಪುಸ್ತಕ ತಿರುವಿ ಹಾಕಿ, 'ಇಷ್ಟು ನೀಟಾಗಿ ಬರೆದಿದ್ದೀರಲ್ಲ' ಅಂದರು. ಆ ಒಂದು ಮಾತಿಗೆ ಬಸ್ಸಿನಲ್ಲಿ ವಾಪಸ್ ಬರುವಾಗ ನಾವು ನಾಲ್ಕು ಜನ ಎಷ್ಟು ಖುಷಿಪಟ್ಟೆವು ಅಂತ ಹೇಳಲಾರೆ.

ಕಾಗದ ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಇಡೀ ಊರಿನ ಅನ್ನ ಒಂದು ಕೋಣೆಯಲ್ಲಿ ಇಡುತ್ತೀರಿ. ಯಾರ ಕೈಗೆ ಕೊಡುತ್ತಿದ್ದೀರಿ ಅಂತ ನೋಡಲೇಬೇಕು. ಆದರೆ ಯಾವ ಕಾಗದ ಬೇಕು ಅನ್ನುವ ಪಟ್ಟಿ ಒಂದು ಹಾಳೆಯಲ್ಲಿ ಅಚ್ಚಾಗಿ ಸಿಗಬೇಕು. ನಮಗೆ ಮೂರು ದಿನದಲ್ಲಿ ಮೂರು ಪಟ್ಟಿ ಸಿಕ್ಕಿತು, ಮೂರೂ ಬಾಯಿಮಾತಿನವು.

ಮಳಿಗೆಯದ್ದು ಇನ್ನೊಂದು ಕಥೆ. ಅರ್ಜಿಗೆ ಬಾಡಿಗೆ ಕರಾರು ಬೇಕು ಅಂದರೆ ಅರ್ಜಿ ಹಾಕುವ ದಿನವೇ ಮಳಿಗೆ ನಮ್ಮ ಹೆಸರಿಗೆ ಇರಬೇಕು. ಸಿಮೆಂಟ್ ನೆಲ, ಗಟ್ಟಿ ಬಾಗಿಲು, ಇಲಿ ಹೊಗದ ಗೋಡೆ, ಕರೆಂಟು, ಲಾರಿ ಬಂದು ನಿಲ್ಲಲು ಜಾಗ. ನಮ್ಮೂರಿನಂಥ ಊರಲ್ಲಿ ಅಂಥ ಕೋಣೆ ಒಂದೋ ಎರಡೋ. ತಿಂಗಳಿಗೆ 1,500 ರೂಪಾಯಿಗೆ ಒಂದು ಹಿಡಿದೆವು. ಹದಿನಾಲ್ಕು ತಿಂಗಳು ಆ ಖಾಲಿ ಕೋಣೆಗೆ ಬಾಡಿಗೆ ಕಟ್ಟಿದೆವು. ಒಟ್ಟು 21,000 ರೂಪಾಯಿ. ಅದು ಸಂಘದ ಉಳಿತಾಯದ ಹಣ. ಹಸು ಕೊಳ್ಳಲು ಸಾಲ ಕೇಳಿದ್ದ ಒಬ್ಬಳಿಗೆ ಆ ವರ್ಷ ನಾವು ಇಲ್ಲ ಅನ್ನಬೇಕಾಯಿತು. ಮಳಿಗೆ ತೋರಿಸಿದರೆ ಸಾಕು, ಮಂಜೂರಾದ ಮೇಲೆ ಇಷ್ಟು ದಿನದೊಳಗೆ ಕರಾರು ಕೊಡಿ ಅಂದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಎಷ್ಟೋ ಊರುಗಳಲ್ಲಿ ಸರ್ಕಾರದ್ದೇ ಸಮುದಾಯ ಭವನ, ಹಳೆ ಪಂಚಾಯಿತಿ ಕಟ್ಟಡ ಬೀಗ ಹಾಕಿಕೊಂಡು ಬಿದ್ದಿವೆ. ಅದರಲ್ಲಿ ಒಂದು ಕೋಣೆ ಕೊಟ್ಟರೆ ಬಾಡಿಗೆಯ ಮಾತೇ ಇಲ್ಲ.

ಸ್ಥಳ ತನಿಖೆಗೆ ನಿರೀಕ್ಷಕರು ಬಂದರು. ಒಳ್ಳೆಯವರು. ಕೋಣೆ ಅಳೆದರು, ಗೋಡೆ ತಟ್ಟಿ ನೋಡಿದರು, 'ಪರವಾಗಿಲ್ಲಮ್ಮ, ಚೆನ್ನಾಗಿದೆ' ಅಂದರು. ವರದಿ ಹೋಯಿತು. ಆಮೇಲೆ ಫೈಲು ಮೇಲೆ ಹೋಗಿದೆ ಅನ್ನುವ ಉತ್ತರ ಶುರುವಾಯಿತು. ಯಾವ ಮೇಲೆ, ಯಾರ ಮೇಜಿನ ಮೇಲೆ ಅಂತ ಯಾರೂ ಹೇಳಲಿಲ್ಲ. ಪ್ರತಿ ಸಲ ಹೋಗಿಬರಲು ಇಬ್ಬರಿಗೆ ಬಸ್ ಟಿಕೆಟ್ ಇಲ್ಲ, ಶಕ್ತಿ ಯೋಜನೆ ಇದೆ, ಅದಕ್ಕೆ ಕೃತಜ್ಞತೆ. ಆದರೆ ಕೂಲಿ ಬಿಟ್ಟು ಹೋಗಬೇಕಲ್ಲ. ಕಚೇರಿ ಹೊರಗೆ ಮರದ ಕೆಳಗೆ ಒಬ್ಬ ಮನುಷ್ಯ ಸಿಕ್ಕ. 'ಸುಮ್ನೆ ಓಡಾಡ್ತೀರಿ. ಖರ್ಚು ಮಾಡಿದರೆ ಆಗುತ್ತೆ' ಅಂದ. ಅವನು ಕಚೇರಿಯವನಲ್ಲ. ಅವನ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಫೈಲು ಎಲ್ಲಿದೆ ಅಂತ ಕಚೇರಿ ಹೇಳದೆ ಇದ್ದಾಗ ಇಂಥವರ ಮಾತಿಗೆ ಬೆಲೆ ಬರುತ್ತದೆ. ನಾವು ಕೊಡಲಿಲ್ಲ. ಕೊಡಬಾರದು ಅಂತ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು.

ಕೊನೆಗೆ ಮಾಹಿತಿ ಹಕ್ಕಿನಲ್ಲಿ ಕೇಳಿದೆವು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿದೆವು. ಉತ್ತರ ಬಂತು. 'ದಾಖಲೆಗಳು ಅಪೂರ್ಣ ಇರುವುದರಿಂದ ಅರ್ಜಿಯನ್ನು ಹಿಂದಿರುಗಿಸಲಾಗಿದೆ.' ಯಾವ ದಾಖಲೆ ಅಂತ ಕೇಳಲು ಮತ್ತೆ ಹೋದೆವು. ಆಗ ಗೊತ್ತಾಯಿತು. ನಡಾವಳಿಯಲ್ಲಿ 18 ಸಹಿ ಇರಬೇಕಿತ್ತು, 17 ಇತ್ತು. ನಮ್ಮಲ್ಲಿ ಒಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗಿದ್ದಳು. ಆರು ದಿನದಲ್ಲಿ ಅವಳಿಗೆ ರಜೆ ಸಿಕ್ಕಿರಲಿಲ್ಲ.

ಒಂದು ಸಹಿ. ಮೊದಲ ವಾರದಲ್ಲೇ ಹೇಳಿದ್ದರೆ ಭಾನುವಾರ ಯಾರಾದರೂ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದೆವು. ಹದಿನಾಲ್ಕು ತಿಂಗಳು ಆ ಒಂದು ಸಹಿಗಾಗಿ 210 ಮನೆಯವರು ನಾಲ್ಕು ಕಿಲೋಮೀಟರ್ ನಡೆದರು.

ಸಚಿವರೇ, ಇಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಅರ್ಜಿ ತೆಗೆದುಕೊಂಡ ದಿನವೇ ಎದುರಿಗೆ ಕೂತು ಕಾಗದ ತಾಳೆ ನೋಡಿ, ಏನು ಇದೆ ಏನು ಇಲ್ಲ ಅಂತ ಬರೆದು ಸೀಲು ಹಾಕಿದ ಚೀಟಿ ಕೊಡಿ. ಇಲ್ಲದ್ದನ್ನು ತರಲು ಹದಿನೈದು ದಿನ ಕೊಡಿ. ಅರ್ಜಿ ತಿರಸ್ಕಾರ ಮಾಡುವುದಾದರೆ ಕಾರಣವನ್ನು ಕಾಗದದಲ್ಲಿ ಬರೆದು ನಮ್ಮ ವಿಳಾಸಕ್ಕೆ ಕಳಿಸಿ, ನಾವು ಮಾಹಿತಿ ಹಕ್ಕಿನಲ್ಲಿ ಕೇಳಿ ತಿಳಿಯುವಂತೆ ಮಾಡಬೇಡಿ. ಯಾರಿಗೆ ಅಂಗಡಿ ಕೊಟ್ಟಿರಿ, ಯಾಕೆ ಕೊಟ್ಟಿರಿ ಅನ್ನುವುದು ಗ್ರಾಮಸಭೆಯಲ್ಲಿ ಓದಿ ಹೇಳಿ. ಮತ್ತು ಒಂದು ಊರಿನ ಕಾರ್ಡುಗಳನ್ನು ಪಕ್ಕದ ಊರಿಗೆ 'ತಾತ್ಕಾಲಿಕ' ಸೇರಿಸಿದಾಗ ಆ ತಾತ್ಕಾಲಿಕಕ್ಕೆ ಒಂದು ಕೊನೆಯ ದಿನ ಆದೇಶದಲ್ಲೇ ಇರಲಿ.

ಹೊಸ ಅಂಗಡಿ ಮಂಜೂರಾಗುವವರೆಗೆ ಇನ್ನೊಂದು ಉಪಾಯವೂ ಇದೆ. ಪಕ್ಕದೂರಿನ ಅಂಗಡಿಯವರು ತಿಂಗಳಿಗೆ ಎರಡು ದಿನ ಯಂತ್ರ, ತಕ್ಕಡಿ, ಚೀಲ ತಂದು ನಮ್ಮೂರಿನ ಶಾಲೆ ಜಗಲಿಯಲ್ಲಿ ಕೂತು ಕೊಟ್ಟು ಹೋಗಲಿ. ಸಾಗಾಟದ ಖರ್ಚನ್ನು ಸರ್ಕಾರ ಕೊಡಲಿ. ಒಂದು ಲಾರಿ ನಾಲ್ಕು ಕಿಲೋಮೀಟರ್ ಬರುವುದು 210 ಮನೆಯವರು ಹೋಗಿಬರುವುದಕ್ಕಿಂತ ಸುಲಭ.

ಇನ್ನು ಅಂಗಡಿ ಯಜಮಾನರ ಮಗ ಹೇಳಿದ 'ಗಿಟ್ಟಲ್ಲ' ಅನ್ನುವ ಮಾತು. ಅಂಗಡಿ ಕೊಟ್ಟರೆ ಮುಗಿಯುವುದಿಲ್ಲ, ಅದು ನಡೆಯಬೇಕು. ನಾವು ಮೂರು ಸಭೆ ಕೂತು ಇದರ ಲೆಕ್ಕ ಹಾಕಿದ್ದೇವೆ.

ನಮ್ಮ 210 ಕಾರ್ಡುಗಳಲ್ಲಿ ಸುಮಾರು 800 ಜನ ಇದ್ದಾರೆ. ತಲೆಗೆ ಐದು ಕೆಜಿ ಆದರೆ ತಿಂಗಳಿಗೆ 40 ಕ್ವಿಂಟಲ್. ಕ್ವಿಂಟಲ್‌ಗೆ ಕಮಿಷನ್ 150 ರೂಪಾಯಿ. ಅಂದರೆ 6,000. ತಲೆಗೆ ಹತ್ತು ಕೆಜಿ ಆದರೆ 80 ಕ್ವಿಂಟಲ್, 12,000. ಮೊದಲು 124 ಇದ್ದದ್ದನ್ನು ನಮ್ಮ ರಾಜ್ಯ 150 ಮಾಡಿತು. 2022ರ ಕೇಂದ್ರದ ಲೆಕ್ಕ ಇದಕ್ಕಿಂತ ಕಡಿಮೆ. ನಮ್ಮಂಥ ರಾಜ್ಯಗಳಿಗೆ ಕ್ವಿಂಟಲ್‌ಗೆ 90, ಯಂತ್ರದ ಮೂಲಕ ಕೊಟ್ಟದ್ದಕ್ಕೆ ಇನ್ನೊಂದು 21, ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಅದಕ್ಕಿಂತ ಜಾಸ್ತಿ ಕೊಡುತ್ತಿದ್ದೀರಿ. ಅದನ್ನು ಒಪ್ಪುತ್ತೇನೆ.

ಈಗ ಖರ್ಚು ನೋಡಿ. ಬಾಡಿಗೆ 1,500. ಕರೆಂಟು 300. 80 ಕ್ವಿಂಟಲ್ ಅಂದರೆ 160 ಚೀಲ, ಇಳಿಸುವ ಹಮಾಲಿ ಚೀಲಕ್ಕೆ 8 ರೂಪಾಯಿಯಂತೆ 1,280. ತಿಂಗಳಲ್ಲಿ 12 ದಿನ ಇಬ್ಬರು ಕೂರಬೇಕು. ಒಬ್ಬಳು ಯಂತ್ರ ನೋಡಿದರೆ ಇನ್ನೊಬ್ಬಳು ತೂಗಬೇಕು. ಹೊಲದ ಕೂಲಿಯಷ್ಟೇ ಅವರಿಗೂ ಕೊಟ್ಟರೆ 8,400. ಒಟ್ಟು 11,480. ಹತ್ತು ಕೆಜಿ ಕೊಡುವ ತಿಂಗಳಲ್ಲಿ 520 ರೂಪಾಯಿ ಉಳಿಯುತ್ತದೆ. ಐದೇ ಕೆಜಿ ಆದರೆ ಕೂತವರಿಗೆ ಅರ್ಧ ಕೂಲಿಯೂ ಹುಟ್ಟುವುದಿಲ್ಲ.

2023ರ ಜುಲೈಯಿಂದ ಹೆಚ್ಚುವರಿ ಐದು ಕೆಜಿ ಅಕ್ಕಿ ಸಿಗದೆ, ಅದರ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದಿರಿ. ದುಡ್ಡು ಬಂದದ್ದು ಮನೆಗಳಿಗೆ ನೆರವಾಯಿತು. ಆದರೆ ಹತ್ತು ಕೆಜಿ ಅಕ್ಕಿ ಕೊಟ್ಟಿದ್ದರೆ ಅಂಗಡಿಗೆ ಬರುತ್ತಿದ್ದ ಕಮಿಷನ್‌ನಲ್ಲಿ ಸುಮಾರು ಅರ್ಧ ಮಾತ್ರ ಬಂತು. ಬಾಡಿಗೆ ಅರ್ಧ ಆಗಲಿಲ್ಲ. 2025ರಲ್ಲಿ ಅಕ್ಕಿ ಮತ್ತೆ ಬಂತು. ಆಮೇಲೆ ಆ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡುವ ತೀರ್ಮಾನದ ಸುದ್ದಿ ಬಂತು. ಬೇಳೆ ಸಿಕ್ಕರೆ ನಮ್ಮ ಮಕ್ಕಳಿಗೆ ಒಳ್ಳೆಯದೇ, ನಾನು ಸ್ವಾಗತಿಸುತ್ತೇನೆ. ಹಾಗೆ ಬದಲಿಸುವಾಗ ಅಂಗಡಿಯವರ ಲೆಕ್ಕವನ್ನೂ ಜೊತೆಗೆ ಬರೆಯಿರಿ. ಏನೇ ಕೊಡಿ, ಎಷ್ಟೇ ಕೊಡಿ, ಸಣ್ಣ ಊರಿನ ಅಂಗಡಿಗೆ ತಿಂಗಳಿಗೆ ಇಷ್ಟು ಅಂತ ಒಂದು ಕನಿಷ್ಠ ಮೊತ್ತ ನಿಗದಿ ಇರಲಿ. 800 ಕಾರ್ಡಿನ ಪೇಟೆ ಅಂಗಡಿಗೂ 210 ಕಾರ್ಡಿನ ಹಳ್ಳಿ ಅಂಗಡಿಗೂ ಬರೀ ಕ್ವಿಂಟಲ್ ಲೆಕ್ಕ ಸರಿಹೋಗುವುದಿಲ್ಲ.

ಕಮಿಷನ್ ಬರುವ ದಿನವೂ ಮುಖ್ಯ. 2013ರಲ್ಲಿ ಅನ್ನಭಾಗ್ಯ ಶುರುವಾದಾಗ ಅಕ್ಕಿ ಕೆಜಿಗೆ ಒಂದು ರೂಪಾಯಿ ಇತ್ತು. ಕಡಿಮೆಯೇ ಆದರೂ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಸ್ವಲ್ಪ ಕಾಸು ಓಡಾಡುತ್ತಿತ್ತು. ಈಗ ಎಲ್ಲ ಉಚಿತ. ಗಲ್ಲಾಪೆಟ್ಟಿಗೆ ಖಾಲಿ. ಸರ್ಕಾರ ಕಮಿಷನ್ ಹಾಕುವವರೆಗೆ ಹಮಾಲಿಗೂ ಕೈಯಿಂದಲೇ ಕೊಡಬೇಕು. ಅದು ತಿಂಗಳುಗಟ್ಟಲೆ ಬಾಕಿ ಉಳಿದರೆ ದುಡ್ಡಿರುವವನು ಮಾತ್ರ ಅಂಗಡಿ ನಡೆಸಬಲ್ಲ. ಇಲ್ಲವೇ ಕಾರ್ಡಿಗೆ ಹತ್ತು, ಇಪ್ಪತ್ತು ರೂಪಾಯಿ ವಸೂಲಿ ಮಾಡುವವನು. ಆ ವಸೂಲಿ ತಪ್ಪು. ಯಾವ ಕಷ್ಟ ಹೇಳಿದರೂ ತಪ್ಪೇ. ಆದರೆ ಅದನ್ನು ನಿಲ್ಲಿಸಬೇಕಾದರೆ ಕಮಿಷನ್ ಪ್ರತಿ ತಿಂಗಳು ಒಂದೇ ದಿನಾಂಕಕ್ಕೆ ಬರಬೇಕು.

ಮತ್ತೆ ಚೀಲದ ತೂಕ. ಖಾಲಿ ಗೋಣಿಚೀಲವೇ ಅರ್ಧ ಕೆಜಿಗಿಂತ ಜಾಸ್ತಿ ತೂಗುತ್ತದೆ. ಸಗಟು ಮಳಿಗೆಯಿಂದ ಬರುವಾಗ ಚೀಲ ಸೇರಿಸಿ 50 ಕೆಜಿ ಅಂತ ಲೆಕ್ಕ ಹಿಡಿದರೆ 160 ಚೀಲದಲ್ಲಿ 80 ಕೆಜಿಗೂ ಮೇಲೆ ಅಕ್ಕಿ ಕಡಿಮೆ. ಯಂತ್ರದಲ್ಲಿ ಮಾತ್ರ ಪೂರ್ತಿ ಸ್ಟಾಕ್ ತೋರಿಸುತ್ತದೆ. ಆ 80 ಕೆಜಿಯನ್ನು ಅಂಗಡಿಯವರು ಎಲ್ಲಿಂದ ತರಬೇಕು? ಪ್ರತಿ ಕಾರ್ಡಿನಿಂದ ಮುನ್ನೂರು ನಾನೂರು ಗ್ರಾಂ ಹಿಡಿದುಕೊಳ್ಳುತ್ತಾರೆ. ಸಾಲಲ್ಲಿ ನಿಂತು ಎಷ್ಟೋ ವರ್ಷ ನಾನೇ ಈ ತೂಕದ ಜಗಳ ಆಡಿದ್ದೇನೆ. ಅಂಗಡಿ ಬಾಗಿಲಿಗೆ ಧಾನ್ಯ ಮುಟ್ಟಿಸುವುದು ರಾಜ್ಯ ಸರ್ಕಾರದ ಹೊಣೆ ಅಂತ 2013ರ ಕಾಯ್ದೆಯೇ ಹೇಳುತ್ತದೆ. ಮುಟ್ಟಿಸುವಾಗ ನಮ್ಮ ಎದುರೇ ತೂಗಿ, ಚೀಲದ ತೂಕ ಕಳೆದು ಇಳಿಸಿ. ಆಗ ಗ್ರಾಂ ಲೆಕ್ಕದಲ್ಲಿ ನಾವು ಜವಾಬ್ದಾರಿ ಹೊರುತ್ತೇವೆ.

ಕೇಂದ್ರದ 2015ರ ನಿಯಂತ್ರಣ ಆದೇಶದ ಪ್ರಕಾರ ನ್ಯಾಯಬೆಲೆ ಅಂಗಡಿಯಲ್ಲಿ ಬೇರೆ ಸಾಮಾನು ಮಾರಲು ಅವಕಾಶ ಕೊಡಬೇಕು, ಅಂಗಡಿ ತನ್ನ ಕಾಲ ಮೇಲೆ ನಿಲ್ಲಲಿ ಅಂತ. ನಮ್ಮ ಸಂಘದವರು ಮಾಡುವ ಸಾಂಬಾರ್ ಪುಡಿ, ಹಪ್ಪಳ, ರಾಗಿ ಹುರಿಹಿಟ್ಟು ಅಲ್ಲೇ ಇಡಬಹುದು. ಆದರೆ ಅದನ್ನು ತಗೊಂಡರೆ ಮಾತ್ರ ಅಕ್ಕಿ ಅಂತ ಯಾವ ಅಂಗಡಿಯೂ ಹೇಳಬಾರದು. ಅಂಥದ್ದನ್ನು ನಮ್ಮ ಹೆಂಗಸರು ಅನುಭವಿಸಿದ್ದಾರೆ.

'ಹೆಂಗಸರ ಸಂಘದ ಹೆಸರಲ್ಲಿ ಬೇರೆಯವರು ಅಂಗಡಿ ನಡೆಸುತ್ತಾರೆ' ಅನ್ನುವ ಮಾತು ನಿಮ್ಮ ಕಚೇರಿಗಳಲ್ಲಿ ಕೇಳಿದ್ದೇನೆ. ಸುಳ್ಳಲ್ಲ. ಪ್ರಾಧಿಕಾರ ಪತ್ರ ಸಂಘದ್ದು, ಬೀಗದ ಕೈ ಅಧ್ಯಕ್ಷೆಯ ಗಂಡನದ್ದು ಅಥವಾ ಊರಿನ ದೊಡ್ಡವರದ್ದು. ನನಗೂ ಇದು ನೋವಿನ ವಿಷಯ. ಆದರೆ ಇದನ್ನು ಹಿಡಿಯುವುದು ಕಷ್ಟವಲ್ಲ. ಯಂತ್ರ ಶುರು ಮಾಡಲೇ ಅಂಗಡಿಯವರ ಬೆರಳು ಬೇಕು. ಸಂಘದ ಸದಸ್ಯೆಯರಲ್ಲದೆ ಬೇರೆ ಯಾರ ಬೆರಳಿಗೂ ಅದು ತೆರೆಯದ ಹಾಗೆ ಮಾಡಿ. ಕಮಿಷನ್ ಸಂಘದ ಖಾತೆಗೇ ಬರಲಿ, ಯಾರಿಗೆ ಎಷ್ಟು ಹೋಯಿತು ಅಂತ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಲಿ. ಕಾಯ್ದೆಯಲ್ಲಿ ಪ್ರತಿ ಅಂಗಡಿಗೂ ಜಾಗೃತಿ ಸಮಿತಿ ಇರಬೇಕು ಅಂತ ಇದೆ, ಸಾಮಾಜಿಕ ಪರಿಶೋಧನೆ ಆಗಬೇಕು ಅಂತ ಇದೆ. ಅವರು ಬರಲಿ, ನಮ್ಮ ಪುಸ್ತಕ ನೋಡಲಿ. ಕೆಲವರು ಹೆಸರು ಕೆಡಿಸಿದರು ಅಂತ ಎಲ್ಲ ಸಂಘಗಳನ್ನೂ ದೂರ ಇಡಬೇಡಿ. ಖಾಸಗಿಯವರು ಕೆಡಿಸಿದಾಗ ಎಲ್ಲ ಖಾಸಗಿಯವರನ್ನೂ ನೀವು ದೂರ ಇಟ್ಟಿರಲಿಲ್ಲ.

ಹಾಗೆ ದೂರ ಇಟ್ಟ ರಾಜ್ಯವೂ ಇದೆ. ಛತ್ತೀಸಗಢ 2004ರಲ್ಲಿ ಖಾಸಗಿ ಅಂಗಡಿಗಳ ಪರವಾನಗಿಯನ್ನೇ ತೆಗೆದು ಪಂಚಾಯಿತಿ, ಸ್ವಸಹಾಯ ಗುಂಪು, ಸಹಕಾರ ಸಂಘಗಳಿಗೆ ಕೊಟ್ಟಿತು. ಬರೀ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಕಮಿಷನ್ ಏರಿಸಿತು, ಬಂಡವಾಳಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟಿತು, ಅಂಗಡಿ ಬಾಗಿಲಿಗೆ ಧಾನ್ಯ ಮುಟ್ಟಿಸಿತು. ಅಲ್ಲಿ ಎಲ್ಲವೂ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. 2015ರಲ್ಲಿ ಅಲ್ಲಿನ ರಾಜ್ಯ ನಾಗರಿಕ ಪೂರೈಕೆ ನಿಗಮದ ಕಚೇರಿಗಳ ಮೇಲೆ ದಾಳಿ ಆಗಿ ದೊಡ್ಡ ಆರೋಪಗಳು ಬಂದವು. ಆದರೆ ಅದು ನಿಗಮದ ಮಟ್ಟದ್ದು. ತಮಿಳುನಾಡಿನಲ್ಲೂ ರೇಷನ್ ಅಂಗಡಿಗಳು ಹೆಚ್ಚಾಗಿ ಸಹಕಾರ ಸಂಘಗಳ ಕೈಯಲ್ಲೇ ಇವೆ. ನಮ್ಮ ರಾಜ್ಯದಲ್ಲಿ ಸುಮಾರು 20 ಸಾವಿರ ನ್ಯಾಯಬೆಲೆ ಅಂಗಡಿಗಳಿವೆ. ಅವನ್ನೆಲ್ಲ ಕಿತ್ತು ನಮಗೆ ಕೊಡಿ ಅಂತ ನಾನು ಕೇಳುತ್ತಿಲ್ಲ. ಪ್ರಾಮಾಣಿಕವಾಗಿ ನಡೆಸುವ ಖಾಸಗಿಯವರನ್ನೂ ಬಲ್ಲೆ. ನಮ್ಮ ತೀರಿಹೋದ ಯಜಮಾನರೇ ಅಂಥವರು, ಯಾರ ಮನೆಯಲ್ಲಿ ಹೆರಿಗೆಯಾಗಿದ್ದರೂ ಚೀಲವನ್ನು ಸೈಕಲ್ ಮೇಲೆ ಮನೆಗೇ ಕಳಿಸುತ್ತಿದ್ದರು. ಖಾಲಿ ಬಿದ್ದಿರುವ ಅಂಗಡಿಗಳನ್ನು ತುಂಬುವಾಗ ಕಾನೂನು ಹೇಳಿದ ಆದ್ಯತೆ ನಿಜವಾಗಿ ಸಿಗಲಿ ಅಂತಷ್ಟೇ ಕೇಳುತ್ತಿದ್ದೇನೆ.

ನನ್ನ ಅಕ್ಕತಂಗಿಯರಿಗೆ ಒಂದೆರಡು ಮಾತು. ನಿಮ್ಮೂರಲ್ಲಿ ಅಂಗಡಿ ಖಾಲಿ ಇದ್ದರೆ ಪ್ರಕಟಣೆಗಾಗಿ ಕಾಯಬೇಡಿ, ಈಗಿನಿಂದಲೇ ಕಾಗದ ಸಿದ್ಧ ಮಾಡಿಕೊಳ್ಳಿ. ಪ್ರತಿ ವರ್ಷ ಲೆಕ್ಕ ಆಡಿಟ್ ಮಾಡಿಸಿಟ್ಟುಕೊಳ್ಳಿ. ಅದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ. ನಡಾವಳಿಯಲ್ಲಿ ಎಲ್ಲರ ಸಹಿ ಇದೆಯಾ ಅಂತ ಎರಡು ಸಲ ಎಣಿಸಿ. ಅರ್ಜಿ ಕೊಟ್ಟಾಗ ಸ್ವೀಕೃತಿ ತಗೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಮರದ ಕೆಳಗೆ ನಿಂತವರಿಗೆ ದುಡ್ಡು ಕೊಡಬೇಡಿ.

ಸಚಿವರೇ, ನಮ್ಮ ಕೋಣೆ ಇನ್ನೂ ಇದೆ. ಅರ್ಜಿ ವಾಪಸ್ ಬಂದ ಮೇಲೆ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿ ಕೋಣೆ ಬಿಟ್ಟುಕೊಟ್ಟಿದ್ದೆವು. ಮಾಲೀಕರಾದ ಅಜ್ಜ 'ಅಂಗಡಿ ಬಂದರೆ ಹೇಳಿ, ಅಲ್ಲಿವರೆಗೂ ಬೇರೆಯವರಿಗೆ ಕೊಡಲ್ಲ' ಅಂದಿದ್ದಾರೆ. ಗಾರ್ಮೆಂಟ್ಸ್‌ಗೆ ಹೋದವಳು ಯುಗಾದಿಗೆ ಊರಿಗೆ ಬಂದಿದ್ದಳು. ಹಬ್ಬದ ಮಾರನೇ ದಿನ ಸಭೆ ಕರೆದು ಹೊಸ ನಡಾವಳಿ ಬರೆದೆವು. ಈ ಸಲ 18 ಸಹಿ ಇದೆ, ನಾನೇ ಎಣಿಸಿದ್ದೇನೆ. ಈ ವರ್ಷದ ಆಡಿಟ್ ಆಗಿದೆ. ಫೈಲು ನಮ್ಮ ಮನೆಯ ಟ್ರಂಕಿನಲ್ಲಿದೆ. ಅರ್ಜಿ ಕರೆಯುವ ದಿನಾಂಕವನ್ನು ನಮ್ಮ ಪಂಚಾಯಿತಿ ಬೋರ್ಡಿನಲ್ಲಿ ಹಾಕಿಸಿ. ಮೊದಲ ದಿನವೇ ಬರುತ್ತೇವೆ.

ಇಂತಿ,
ಸ್ತ್ರೀಶಕ್ತಿ ಸ್ವಸಹಾಯ ಸಂಘವೊಂದರ ಕಾರ್ಯದರ್ಶಿ, 18 ಜನರ ಪರವಾಗಿ